ಹಗುರ ರಿವಾಲ್ವರಿನ ಭಾರ

ಜೇಬಿನಲ್ಲಿ ಅಡಗುವ ರಿವಾಲ್ವರ್ ಆರಿಸುವಾಗ ಕೊಳ್ಳುವವರ ಕಣ್ಣು ಹೋಗುವುದು ತೂಕ ಎಷ್ಟು ಕಡಿಮೆ, ಗುಂಡು ಎಷ್ಟು ಜೋರು ಎಂಬುದರ ಕಡೆಗೆ. ಆದರೆ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: ಇದನ್ನು ಈ ಕೈ ತಡೆದುಕೊಳ್ಳಬಲ್ಲುದೇ?

1950ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಪೊಲೀಸ್ ಮುಖ್ಯಸ್ಥರ ಅಂತರರಾಷ್ಟ್ರೀಯ ಸಂಘದ ಸಮ್ಮೇಳನ ನಡೆಯಿತು. ಸ್ಮಿತ್ ಆ್ಯಂಡ್ ವೆಸ್ಸನ್ ಕಂಪನಿ ಅಲ್ಲಿ ಒಂದು ಪುಟ್ಟ ರಿವಾಲ್ವರನ್ನು ಮೊದಲ ಬಾರಿಗೆ ತೋರಿಸಿ, ಅದಕ್ಕೆ ಹೆಸರಿಡುವ ಕೆಲಸವನ್ನು ನೆರೆದ ಅಧಿಕಾರಿಗಳಿಗೇ ಬಿಟ್ಟಿತು. ಅವರು ಮತ ಹಾಕಿ ಆರಿಸಿದ ಹೆಸರು ‘ಚೀಫ್ಸ್ ಸ್ಪೆಷಲ್’. ಅದುವರೆಗೆ ಕಂಪನಿಯ ಸಣ್ಣ ರಿವಾಲ್ವರುಗಳಲ್ಲಿ ಹಿಡಿಸುತ್ತಿದ್ದದ್ದು .32ರಂಥ ಮೆದು ತೋಟಾಗಳು. ಆ ಕಾಲದ ಅಮೆರಿಕನ್ ಪೊಲೀಸರ ಸೊಂಟದ ರಿವಾಲ್ವರಿನಲ್ಲಿ ಇರುತ್ತಿದ್ದ .38 ಸ್ಪೆಷಲ್ ತೋಟಾವನ್ನೇ ಜೇಬಿನ ರಿವಾಲ್ವರಿಗೂ ತರಲು ಹಳೆಯ ಚೌಕಟ್ಟನ್ನು ತುಸು ಹಿಗ್ಗಿಸಿ ಮಾಡಿದ್ದೇ ‘ಜೆ-ಫ್ರೇಮ್’. ಆರರ ಬದಲು ಐದೇ ಗುಂಡು, ಎರಡಂಗುಲದ ನಳಿಕೆ, ಪೂರ್ತಿ ಉಕ್ಕಿನ ಮೈ. 1957ರಲ್ಲಿ ಅದಕ್ಕೆ ‘ಮಾಡೆಲ್ 36’ ಎಂಬ ಸಂಖ್ಯೆ ಬಂತು. ಇಂದಿಗೂ ಮರೆಯಲ್ಲಿ ಒಯ್ಯುವ ಸಣ್ಣ ರಿವಾಲ್ವರುಗಳೆಲ್ಲ ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿವೆ. ಆಮೇಲಿನ ಏಳು ದಶಕಗಳಲ್ಲಿ ತಯಾರಕರು ಇದರ ತೂಕವನ್ನು ಇಳಿಸುತ್ತ, ತೋಟಾದ ಬಲವನ್ನು ಏರಿಸುತ್ತ ಬಂದರು. ಎರಡೂ ಒಟ್ಟಿಗೆ ಸಾಗಿದ್ದರಿಂದ ಬಳಸುವವರಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾಯಿತು ಎಂಬುದು ಈ ಲೇಖನದ ವಾದ. ಸಣ್ಣ ರಿವಾಲ್ವರಿನ ವಿಷಯದಲ್ಲಿ ಕ್ಯಾಲಿಬರನ್ನು, ಅಂದರೆ ಗುಂಡಿನ ಅಳತೆಯನ್ನು, ನಿರ್ಧರಿಸಬೇಕಾದದ್ದು ಹಿಡಿದ ಕೈಯ ಸಾಮರ್ಥ್ಯ. ಹಾಗೆ ನಿರ್ಧರಿಸಿದರೆ ಬಹಳಷ್ಟು ಮಂದಿಗೆ ಸರಿಹೊಂದುವುದು ಮಧ್ಯಮ ತೂಕದ ರಿವಾಲ್ವರ್, ಅದರಲ್ಲಿ ಮೆದುವಾದ .38 ಅಥವಾ .32.

ಒದೆತದ ಲೆಕ್ಕ

ಗುಂಡು ಎಷ್ಟು ಸಂವೇಗದಿಂದ ಮುಂದಕ್ಕೆ ಹೋಗುತ್ತದೆಯೋ ಅಷ್ಟೇ ಸಂವೇಗ ಬಂದೂಕನ್ನು ಹಿಂದಕ್ಕೆ ತಳ್ಳುತ್ತದೆ. ನ್ಯೂಟನ್ನನ ಈ ನಿಯಮಕ್ಕೆ ಯಾವ ಕಂಪನಿಯ ಜಾಹೀರಾತಿನಲ್ಲೂ ವಿನಾಯಿತಿ ಇಲ್ಲ. ಅದೇ ತೋಟಾವನ್ನು ಅರ್ಧ ತೂಕದ ರಿವಾಲ್ವರಿನಿಂದ ಹಾರಿಸಿದರೆ ಅದು ಎರಡು ಪಟ್ಟು ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ, ಒದೆತದ ಶಕ್ತಿಯೂ ಎರಡು ಪಟ್ಟಾಗುತ್ತದೆ. ಉಕ್ಕಿನ ಮಾಡೆಲ್ 36ರ ತೂಕ ಸುಮಾರು 550 ಗ್ರಾಂ. ಅಲ್ಯೂಮಿನಿಯಂ ಚೌಕಟ್ಟಿನ ‘ಏರ್‌ವೆಯ್ಟ್’ ಮಾಡೆಲ್ 642 ಸುಮಾರು 415 ಗ್ರಾಂ. 2009ರಲ್ಲಿ ಬಂದ ರೂಗರ್ ಎಲ್‌ಸಿಆರ್‌ನ ಕೆಳಭಾಗ ಪಾಲಿಮರಿನದು, ತೂಕ 380 ಗ್ರಾಂ ಆಸುಪಾಸು. ಸ್ಕ್ಯಾಂಡಿಯಂ ಬೆರೆತ ಅಲ್ಯೂಮಿನಿಯಂ ಮತ್ತು ಟೈಟಾನಿಯಂ ಬಳಸಿದ ಸ್ಮಿತ್ ಆ್ಯಂಡ್ ವೆಸ್ಸನ್ 340ಪಿಡಿ 340 ಗ್ರಾಂಗೂ ಇಳಿಯಿತು. ವಿಚಿತ್ರವೆಂದರೆ, ಎಲ್ಲಕ್ಕಿಂತ ಹಗುರವಾದ ಈ ಕೊನೆಯದಕ್ಕೇ ಎಲ್ಲಕ್ಕಿಂತ ಬಲವಾದ .357 ಮ್ಯಾಗ್ನಮ್ ತೋಟಾ ಹಿಡಿಸುತ್ತದೆ. ಆ ತೋಟಾ 1935ರಲ್ಲಿ ಹುಟ್ಟಿದ್ದು ಸಣ್ಣ ರಿವಾಲ್ವರಿಗಾಗಿ ಅಲ್ಲ, ಒಂದು ಕಿಲೋಗ್ರಾಮಿಗೂ ಮಿಕ್ಕಿ ತೂಗುವ ದೊಡ್ಡ ಚೌಕಟ್ಟಿನ ರಿವಾಲ್ವರಿಗಾಗಿ. ಅದರ ಕೋಶ .38 ಸ್ಪೆಷಲ್‌ಗಿಂತ ಮೂರು ಮಿಲಿಮೀಟರಿನಷ್ಟು ಉದ್ದ, ಹಳೆಯ .38 ರಿವಾಲ್ವರುಗಳಲ್ಲಿ ತಪ್ಪಿಯೂ ತುಂಬಬಾರದೆಂದೇ ಆ ಎಚ್ಚರಿಕೆ. ಉಕ್ಕಿನ ಜೆ-ಫ್ರೇಮಿನಿಂದ ಗುರಿ ಅಭ್ಯಾಸದ ಮೆದು .38 ತೋಟಾ ಹಾರಿಸಿದಾಗ ಕೈಗೆ ಬರುವ ಒದೆತ ಅಂದಾಜು ನಾಲ್ಕೈದು ಜೌಲ್. 340 ಗ್ರಾಂ ರಿವಾಲ್ವರಿನಿಂದ ಮ್ಯಾಗ್ನಮ್ ಹಾರಿಸಿದರೆ ಅದು 20 ಜೌಲನ್ನು ಮುಟ್ಟುತ್ತದೆ. ಆ ಒದೆತ ಬೀಳುವುದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮೆತ್ತನೆಯ ಜಾಗದ ಮೇಲೆ. ಅಷ್ಟೇ ಅಲ್ಲ, ಇಷ್ಟು ಹಗುರ ರಿವಾಲ್ವರ್ ರಭಸದಿಂದ ಹಿಂದಕ್ಕೆ ಜಿಗಿದಾಗ ಉಳಿದ ಕೋಣೆಗಳಲ್ಲಿನ ತೋಟಾಗಳ ಸೀಸದ ಮೂತಿ ಕೋಶದಿಂದ ಸಡಿಲಗೊಂಡು ಮುಂದಕ್ಕೆ ಬರುವುದುಂಟು. ಬಂದರೆ ತೋಟಾ ತುಂಬುವ ಉರುಳೆ ತಿರುಗದೆ ಸಿಕ್ಕಿಕೊಳ್ಳುತ್ತದೆ. ಎಂಥ ಹೊತ್ತಿನಲ್ಲೂ ಕೈಕೊಡದು ಎಂಬ ನಂಬಿಕೆಯಿಂದ ರಿವಾಲ್ವರನ್ನು ಕೊಂಡವರಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ಒದೆತ ಗುಂಡು ಹಾರಿದ ಮೇಲಿನ ಮಾತು. ಹಾರುವ ಮುನ್ನವೇ ಗುರಿ ಕೆಡಿಸುವ ಇನ್ನೆರಡು ಸಂಗತಿಗಳಿವೆ. ಜೇಬಿನ ರಿವಾಲ್ವರುಗಳಲ್ಲಿ ಹೆಚ್ಚಿನವಕ್ಕೆ ಸುತ್ತಿಗೆ ಒಳಗೇ ಅಡಗಿರುತ್ತದೆ. ಹೊರತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳಬಾರದೆಂದು 1952ರ ‘ಸೆಂಟೆನಿಯಲ್’ ಮಾದರಿ ಜನಪ್ರಿಯಗೊಳಿಸಿದ ಒಳ್ಳೆಯ ಏರ್ಪಾಡು ಇದು. ಹಾಗಾಗಿ ಪ್ರತಿ ಗುಂಡಿಗೂ ಟ್ರಿಗರನ್ನು ಪೂರ್ತಿಯಾಗಿ ಎಳೆಯಲೇಬೇಕು, ಅದಕ್ಕೆ ಬೇಕಾದ ಬಲ ಸುಮಾರು ಐದೂವರೆ ಕಿಲೋ. ಅಂದರೆ ಒಂದೇ ಬೆರಳು ಬಂದೂಕಿನ ತೂಕದ ಹತ್ತರಿಂದ ಹದಿನಾರು ಪಟ್ಟು ಬಲವನ್ನು ಅದರ ಮೇಲೆ ಹಾಕುತ್ತದೆ. ಉಳಿದ ಬೆರಳುಗಳು ಅದನ್ನು ಕದಲದಂತೆ ಹಿಡಿದಿರಬೇಕು, ಆದರೆ ಹಿಡಿಯೋ ಕಿರುಬೆರಳಿಗೆ ಜಾಗವೇ ಇಲ್ಲದಷ್ಟು ಗಿಡ್ಡ. ಎರಡನೆಯದು ಗುರಿಯಿಡುವ ನೋಟಗಳ (ಸೈಟ್) ನಡುವಿನ ದೂರ. ಹಿಂದಿನ ಕಚ್ಚಿಗೂ ಮುಂದಿನ ಮೊನೆಗೂ ಹತ್ತು ಸೆಂಟಿಮೀಟರಷ್ಟೇ ಅಂತರವಿದ್ದರೆ, ಅಲ್ಲಿನ ಒಂದು ಮಿಲಿಮೀಟರ್ ತಪ್ಪು ಏಳು ಮೀಟರ್ ದೂರದಲ್ಲಿ ಏಳು ಸೆಂಟಿಮೀಟರ್ ತಪ್ಪಾಗುತ್ತದೆ. ಹೊಡೆತದ ಹೆದರಿಕೆಯಿಂದ ಕಣ್ಣು ಮುಚ್ಚುವ, ಮಣಿಕಟ್ಟು ಕೆಳಕ್ಕೆ ಬಾಗಿಸುವ ಅಭ್ಯಾಸ ಇದಕ್ಕೆ ಸೇರಿತೆಂದರೆ ಗುಂಡು ಎಲ್ಲಿ ಬೀಳುತ್ತದೆಂದು ಹೇಳಲಾಗದು. ಗುರಿಗೆ ಬೀಳದ ಗುಂಡು ಎಲ್ಲೋ ಒಂದೆಡೆ ಬಿದ್ದೇ ಬೀಳುತ್ತದೆ, ಆಗ ದಾರಿಹೋಕನ ಜೀವಕ್ಕೆ ಹೊಣೆ ಹಾರಿಸಿದವನೇ.

ಕ್ಯಾಲಿಬರಿನ ಶಕ್ತಿ ಎಂದರೇನು

ಹಾಗಾದರೆ ಬಲವಾದ ಗುಂಡಿನಿಂದ ಲಾಭವೇ ಇಲ್ಲವೇ? ಎರಡಂಗುಲದ ನಳಿಕೆಯಿಂದ ಹೊರಬೀಳುವಾಗ .32 ಎಸ್ ಆ್ಯಂಡ್ ಡಬ್ಲ್ಯು ಲಾಂಗ್ ಗುಂಡಿಗೆ ಅಂದಾಜು 130 ಜೌಲ್ ಶಕ್ತಿ, .38 ಸ್ಪೆಷಲ್‌ಗೆ 250ರ ಆಸುಪಾಸು, .357 ಮ್ಯಾಗ್ನಮ್‌ಗೆ 500ರಷ್ಟು. ಕಾಗದದ ಮೇಲೆ ಮ್ಯಾಗ್ನಮ್ .32ಕ್ಕಿಂತ ಸುಮಾರು ನಾಲ್ಕು ಪಟ್ಟು ಮೇಲು. ಆದರೆ ಈ ಅಂಕಿಯನ್ನು ಹೇಗೆ ಓದಬೇಕೆಂಬುದನ್ನು ಅಮೆರಿಕದ ಎಫ್‌ಬಿಐ ದುಬಾರಿ ಬೆಲೆ ತೆತ್ತು ಕಲಿಯಿತು. 1986ರ ಏಪ್ರಿಲ್ 11ರಂದು ಮಯಾಮಿ ಪ್ರದೇಶದಲ್ಲಿ ಇಬ್ಬರು ಬ್ಯಾಂಕ್ ದರೋಡೆಕೋರರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಅದರ ಇಬ್ಬರು ಏಜೆಂಟರು ಸತ್ತರು, ಹಲವರು ಗಾಯಗೊಂಡರು. ದರೋಡೆಕೋರನೊಬ್ಬನಿಗೆ ಮೊದಲೇ ತಗುಲಿದ್ದ ಒಂದು ಗುಂಡು ಹೃದಯವನ್ನು ಮುಟ್ಟುವ ಮುನ್ನವೇ ನಿಂತಿತ್ತು, ಅವನು ಗುಂಡು ಹಾರಿಸುತ್ತಲೇ ಇದ್ದ. ಆಮೇಲಿನ ವಿಮರ್ಶೆಯ ಸಾರವನ್ನು ಎಫ್‌ಬಿಐ ತರಬೇತಿ ಅಕಾಡೆಮಿಯ ಯೂರಿ ಪ್ಯಾಟ್ರಿಕ್ 1989ರ ವರದಿಯಲ್ಲಿ ಬರೆದರು. ಕೈಬಂದೂಕಿನ ಗುಂಡು ರೈಫಲಿನ ಗುಂಡಿನಂತೆ ಸುತ್ತಲಿನ ಅಂಗಾಂಶವನ್ನು ಸಿಡಿಸಿ ನಾಶ ಮಾಡುವುದಿಲ್ಲ. ಅದು ಮಾಡುವುದು ಒಂದು ತೂತು. ಆ ತೂತು ಎಲ್ಲಿದೆ, ಎಷ್ಟು ಆಳವಿದೆ ಎಂಬುದೇ ಮುಖ್ಯ, ಅಗಲ ಆಮೇಲಿನದು. ಅಲ್ಲಿಂದ ಬಂದ ಮಾನದಂಡ ಇಂದಿಗೂ ಬಳಕೆಯಲ್ಲಿದೆ: ಸ್ನಾಯುವಿನ ಸಾಂದ್ರತೆಯನ್ನು ಹೋಲುವ ಜೆಲಟಿನ್ ಗಟ್ಟಿಯಲ್ಲಿ ಗುಂಡು ಕನಿಷ್ಠ 12 ಅಂಗುಲ ಒಳಹೋಗಬೇಕು, 18 ಅಂಗುಲ ಮೀರಬಾರದು. ಜೌಲ್ ಲೆಕ್ಕಕ್ಕೆ ಈ ಪರೀಕ್ಷೆಯಲ್ಲಿ ಪ್ರತ್ಯೇಕ ಅಂಕವಿಲ್ಲ.

ಗಿಡ್ಡ ನಳಿಕೆಯ ರಿವಾಲ್ವರುಗಳನ್ನು ಈ ಪರೀಕ್ಷೆಗೆ ಒಡ್ಡಿದಾಗ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ತಾಗಿದೊಡನೆ ಅರಳಿ ಅಗಲವಾಗಲೆಂದು ಮೂತಿಯಲ್ಲಿ ಕುಳಿಯಿಟ್ಟು ಮಾಡಿದ ‘ಹಾಲೊ ಪಾಯಿಂಟ್’ ಗುಂಡಿಗೆ ಅರಳಲು ವೇಗ ಬೇಕು. ಎರಡಂಗುಲದ ನಳಿಕೆಯಲ್ಲಿ .38 ಗುಂಡಿಗೆ ಆ ವೇಗ ಅಂಚಿನಲ್ಲಷ್ಟೇ ಸಿಗುತ್ತದೆ. ದಪ್ಪ ಬಟ್ಟೆ ದಾಟುವಾಗ ಕುಳಿಯಲ್ಲಿ ನೂಲು ತುಂಬಿಕೊಂಡರೆ ಅರಳುವುದೇ ಇಲ್ಲ, ಅರಳಿದರೆ ಕೆಲವೊಮ್ಮೆ 12 ಅಂಗುಲ ಮುಟ್ಟುವುದಿಲ್ಲ. ಇದಕ್ಕೆ ಹೋಲಿಸಿದರೆ ‘ವಾಡ್‌ಕಟರ್’ ಎಂಬ ಹಳೆಯ ಗುರಿ ಅಭ್ಯಾಸದ ಗುಂಡು, ಚಪ್ಪಟೆ ಮೂತಿಯ ಬರೀ ಸೀಸದ ತುಂಡು, ಅರಳುವ ಭರವಸೆಯನ್ನೇ ಕೊಡದೆ ಬೇಕಾದಷ್ಟು ಆಳಕ್ಕೆ ನೆಟ್ಟಗೆ ಹೋಗುತ್ತದೆ. ಅದರ ಒದೆತವೂ ಕಡಿಮೆ. ಇನ್ನು .357 ಮ್ಯಾಗ್ನಮ್‌ನ ಪುಡಿಮದ್ದಿನಲ್ಲಿ ಒಂದು ಪಾಲು ಗಿಡ್ಡ ನಳಿಕೆಯೊಳಗೆ ಉರಿದು ಮುಗಿಯುವುದೇ ಇಲ್ಲ, ಉಳಿದದ್ದು ಹೊರಗೆ ಬಂದು ಕಣ್ಣು ಕೋರೈಸುವ ಬೆಂಕಿಯಾಗಿ, ಕಿವಿ ಮುಚ್ಚಿಸುವ ಸದ್ದಾಗಿ ಖರ್ಚಾಗುತ್ತದೆ. ಕೊಂಡವರು ಬೆಲೆ ಕೊಟ್ಟ ಶಕ್ತಿಯ ಒಂದು ಭಾಗ ಗುಂಡಿಗೆ ಸೇರುವುದೇ ಇಲ್ಲ, ಒದೆತ ಮಾತ್ರ ಪೂರ್ತಿಯಾಗಿ ಕೈಗೆ ಸೇರುತ್ತದೆ.

ಮರೆತುಹೋಗಿದ್ದ .32

ಈ ಹಿನ್ನೆಲೆಯಲ್ಲಿ .32ರ ಕಥೆಯನ್ನು ಮತ್ತೊಮ್ಮೆ ಓದಬೇಕು. .32 ಎಸ್ ಆ್ಯಂಡ್ ಡಬ್ಲ್ಯು ಲಾಂಗ್ ಹುಟ್ಟಿದ್ದು 1896ರಲ್ಲಿ, ಆರು ಗ್ರಾಮಿಗೆ ತುಸು ಹೆಚ್ಚು ತೂಗುವ ಗುಂಡಿನೊಂದಿಗೆ. ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೊಡೋರ್ ರೂಸ್‌ವೆಲ್ಟ್ ನ್ಯೂಯಾರ್ಕ್ ನಗರದ ಪೊಲೀಸ್ ಆಯುಕ್ತರಾಗಿದ್ದ ಕಾಲವದು. ಆಗ ಅಲ್ಲಿನ ಪೊಲೀಸರಿಗೆ ಕೊಟ್ಟದ್ದೂ .32 ಕ್ಯಾಲಿಬರಿನ ಕೋಲ್ಟ್ ರಿವಾಲ್ವರೇ. .38 ಬಂದ ಮೇಲೆ ಇದು ‘ದುರ್ಬಲ’ ಎಂಬ ಹಣೆಪಟ್ಟಿ ಹೊತ್ತು ಮೂಲೆ ಸೇರಿತು. ಆದರೆ ನಿಖರತೆಯೇ ಎಲ್ಲವೂ ಆಗಿರುವ ಕಡೆ ಅದು ಉಳಿದುಕೊಂಡಿತು. 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಜಗತ್ತಿನ ಶೂಟರುಗಳು ನೆಚ್ಚಿಕೊಂಡ ತೋಟಾ ಇದೇ .32 ವಾಡ್‌ಕಟರ್. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಜಸ್ಪಾಲ್ ರಾಣಾ 590 ಅಂಕ ಗಳಿಸಿ ವಿಶ್ವದಾಖಲೆ ಸರಿಗಟ್ಟಿದ್ದು ಆ ಸ್ಪರ್ಧೆಯಲ್ಲಿಯೇ. ತಯಾರಕರು ಈ ಗುಣವನ್ನು ಕೈಬಿಡದೆ ಬಲವನ್ನಷ್ಟೇ ಹೆಚ್ಚಿಸಲು ಎರಡು ಬಾರಿ ಪ್ರಯತ್ನಿಸಿದರು: 1984ರ .32 ಎಚ್ ಆ್ಯಂಡ್ ಆರ್ ಮ್ಯಾಗ್ನಮ್, 2008ರಲ್ಲಿ ಮಾರುಕಟ್ಟೆಗೆ ಬಂದ .327 ಫೆಡರಲ್ ಮ್ಯಾಗ್ನಮ್. .327ಕ್ಕೆಂದು ಮಾಡಿದ ರಿವಾಲ್ವರಿನಲ್ಲಿ ಅದರ ಹಿಂದಿನ .32 ರಿವಾಲ್ವರ್ ತೋಟಾಗಳನ್ನೂ ಹಾರಿಸಬಹುದು. ಗುಂಡು ಸಪೂರವಾದ್ದರಿಂದ, .38ರ ಐದು ಗುಂಡು ಹಿಡಿಯುವ ಉರುಳೆಯಲ್ಲಿಯೇ .32ರ ಆರು ಹಿಡಿಯುತ್ತವೆ. 2024ರಲ್ಲಿ ಸ್ಮಿತ್ ಆ್ಯಂಡ್ ವೆಸ್ಸನ್ ಜೆ-ಫ್ರೇಮಿನಲ್ಲಿ ಮತ್ತೆ .32 ಎಚ್ ಆ್ಯಂಡ್ ಆರ್ ಮ್ಯಾಗ್ನಮ್ ತಂದಾಗ, ಸ್ಪಷ್ಟವಾಗಿ ಕಾಣುವ ನೋಟಗಳನ್ನೂ ಉತ್ತಮ ಹಿಡಿಯನ್ನೂ ಜೊತೆಗೆ ಕೊಟ್ಟಿತು. ತೂಕ ಇಳಿಸುವ ಓಟದಲ್ಲಿ ಕೈಬಿಟ್ಟಿದ್ದನ್ನು ಉದ್ಯಮವೇ ಹಿಂದಕ್ಕೆ ತರುತ್ತಿದೆ ಎಂಬುದಕ್ಕೆ ಇದು ಸಾಕ್ಷಿ.

ಆಕ್ಷೇಪಗಳು

ಮೊದಲ ಆಕ್ಷೇಪ: ಪ್ರಾಣ ಹೋಗುವ ಹೊತ್ತಿನಲ್ಲಿ ಒದೆತ ಯಾರಿಗೂ ತಿಳಿಯುವುದಿಲ್ಲ, ಆದ್ದರಿಂದ ಬಲವಾದ ಗುಂಡೇ ಇರಲಿ. ನೋವು ತಿಳಿಯದೆ ಹೋಗಬಹುದು, ನಿಜ. ಆದರೆ ನಳಿಕೆ ಮೇಲಕ್ಕೆ ಜಿಗಿಯುವುದು ನೋವಿನ ಅರಿವನ್ನು ಅವಲಂಬಿಸಿಲ್ಲ. ಎರಡನೇ ಗುಂಡಿಗೆ ಮುನ್ನ ಅದನ್ನು ಮತ್ತೆ ಗುರಿಗೆ ತರಲು ಬೇಕಾದ ಸಮಯ ಭಯದಿಂದ ಕಡಿಮೆಯಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಹೊತ್ತಿಗೆ ಕೈ ಮಾಡುವುದು ಅಭ್ಯಾಸದಲ್ಲಿ ಕಲಿತದ್ದನ್ನೇ. ಹತ್ತು ಗುಂಡಿಗೆ ಅಂಗೈ ಕೆಂಪಾಗಿಸುವ ರಿವಾಲ್ವರನ್ನು ಯಾರೂ ವಾರ ವಾರ ಅಭ್ಯಾಸಕ್ಕೆ ಒಯ್ಯುವುದಿಲ್ಲ. ಎರಡನೆಯದು: ಭಾರವಾದದ್ದನ್ನು ಜನ ಮನೆಯಲ್ಲೇ ಬಿಟ್ಟು ಹೋಗುತ್ತಾರೆ, ಒಯ್ಯದ ಬಂದೂಕಿನಿಂದ ಏನು ಪ್ರಯೋಜನ? ಇದು ಗಟ್ಟಿಯಾದ ಮಾತು, ಅದಕ್ಕೆಂದೇ ಈ ವಾದ ಒಂದು ಕಿಲೋದ ರಿವಾಲ್ವರನ್ನು ಬೇಡುತ್ತಿಲ್ಲ. 340 ಗ್ರಾಂಗೂ 450 ಗ್ರಾಂಗೂ ಇರುವ ಅಂತರ ಜೇಬಿಗೆ ಅಲ್ಪ, ಕೈಗೆ ಬಹಳ. ತೀರಾ ಹಗುರವಾದದ್ದೇ ಬೇಕೆಂದಾದರೆ ತೋಟಾವನ್ನು ಮೆದು ಮಾಡಿಕೊಳ್ಳಬೇಕು. ಎರಡೂ ಬದಿಯ ಲಾಭವನ್ನು ಒಟ್ಟಿಗೆ ಕೇಳಲಾಗದು. ಮೂರನೆಯದು: ಸಿಗ್ ಸಾವರ್ 2018ರಲ್ಲಿ ತಂದ ಪಿ365ರಂಥ ಪಿಸ್ತೂಲು ಅರ್ಧ ಕಿಲೋ ತೂಕದಲ್ಲಿ 9 ಎಂಎಂನ ಹತ್ತು ಗುಂಡು ಕೊಡುವಾಗ ರಿವಾಲ್ವರ್ ಏಕೆ? ಪಿಸ್ತೂಲಿನ ಸ್ಲೈಡ್ ಎಳೆಯುವಷ್ಟು ಬಲವಿಲ್ಲದ ಕೈಗಳಿವೆ. ಮೈಗೆ ಒತ್ತಿಹಿಡಿದಾಗ ಪಿಸ್ತೂಲಿನ ಸ್ಲೈಡ್ ಹಿಂದೆ ಸರಿದು ನಿಂತುಬಿಡಬಹುದು, ರಿವಾಲ್ವರಿಗೆ ಆ ತೊಂದರೆಯಿಲ್ಲ. ತುಂಬಿದೆಯೇ ಖಾಲಿಯೇ ಎಂಬುದು ಉರುಳೆ ತೆರೆದೊಡನೆ ಕಣ್ಣಿಗೆ ಕಾಣುತ್ತದೆ. ಇವು ಯಾವುವೂ ಬೇಡದವರು ಪಿಸ್ತೂಲನ್ನೇ ಆರಿಸಲಿ. ಹಿಡಿತ ಮೊದಲು, ಬಲ ಆಮೇಲೆ ಎಂಬ ನಿಯಮ ಅಲ್ಲಿಗೂ ಅನ್ವಯಿಸುತ್ತದೆ.

ಕಾನ್ಪುರದ ಪಾಠ

ಭಾರತದಲ್ಲಿ ಈ ಆಯ್ಕೆಯ ಅರ್ಧಭಾಗವನ್ನು ಕಾನೂನೇ ಮಾಡಿಬಿಟ್ಟಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿ 9 ಎಂಎಂ, .455ರಂಥ ಸೇನೆ-ಪೊಲೀಸರ ಬಳಕೆಯ ಕ್ಯಾಲಿಬರುಗಳು ‘ನಿಷೇಧಿತ ಬೋರ್’. ಆದ್ದರಿಂದ ಪರವಾನಗಿದಾರರ ರಿವಾಲ್ವರ್ ಎಂದರೆ ದಶಕಗಳಿಂದ ಬಹುಪಾಲು .32 ಎಂದೇ ಅರ್ಥ. ಅಮೆರಿಕದಲ್ಲಿ ಮೂಲೆಗೆ ಬಿದ್ದ ತೋಟಾ ಕಾನ್ಪುರದ ಕಾರ್ಖಾನೆಯಲ್ಲಿ ಜೀವಂತವಾಗಿ ಉಳಿದದ್ದು ಹೀಗೆ. 2012ರ ಡಿಸೆಂಬರಿನ ದೆಹಲಿಯ ಘೋರ ಅತ್ಯಾಚಾರ ಪ್ರಕರಣದ ನಂತರ, 2014ರ ಜನವರಿಯಲ್ಲಿ, ಕಾನ್ಪುರದ ಆರ್ಡ್‌ನನ್ಸ್ ಫ್ಯಾಕ್ಟರಿ ‘ನಿರ್ಭೀಕ್’ ಎಂಬ .32 ರಿವಾಲ್ವರನ್ನು ಮಹಿಳೆಯರ ಬಂದೂಕು ಎಂದು ಹೊರತಂದಿತು. ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು 500 ಗ್ರಾಂ, ಬೆಲೆ 1.22 ಲಕ್ಷ ರೂಪಾಯಿ, ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆ. ಯಂತ್ರವಾಗಿ ನೋಡಿದರೆ 500 ಗ್ರಾಂಗೆ .32 ಎಂಬುದು ಕೈಗೆ ಒಗ್ಗುವ ಜೋಡಿಯೇ. ಆಕ್ಷೇಪವಿರುವುದು ಅದನ್ನು ಮಾರಿದ ರೀತಿಗೆ: ಹಗುರ ಎಂಬುದೇ ಹೆಣ್ಣಿಗೆ ಹೊಂದುವ ಗುಣ, ಕೊಂಡರೆ ಭದ್ರತೆ ಬಂದಂತೆ ಎಂಬ ಸೂಚನೆ ಅದರಲ್ಲಿತ್ತು. ಟ್ರಿಗರ್ ಎಳೆಯಲು ಬೇಕಾದ ಬೆರಳಿನ ಬಲ, ಗುರಿಯ ಅಭ್ಯಾಸ, ತೋಟಾಗಳ ಪೂರೈಕೆ ಇವುಗಳ ಮಾತು ಪೆಟ್ಟಿಗೆಯ ಹೊಳಪಿನಲ್ಲಿ ಮಸುಕಾಯಿತು. 2023ರಲ್ಲಿ ಕಾನ್ಪುರದಿಂದಲೇ ಬಂದ ‘ಪ್ರಬಲ್’ ಅದೇ .32ನ್ನು 76 ಮಿಲಿಮೀಟರ್ ನಳಿಕೆ ಮತ್ತು 700 ಗ್ರಾಂ ತೂಕದೊಂದಿಗೆ ಕೊಟ್ಟಿತು. ಅಡಗಿಸಲು ಇದು ನಿರ್ಭೀಕ್‌ಗಿಂತ ಕಷ್ಟ, ಗುರಿಯಿಡಲು ಸುಲಭ. 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯನ್ನು ಪರವಾನಗಿಯ ಪ್ರಕ್ರಿಯೆಗೆ ಸೇರಿಸಿದ್ದು ಒಳ್ಳೆಯದಾಯಿತು. ಆದರೆ ಕೊಳ್ಳಬಹುದಾದ ತೋಟಾಗಳಿಗೆ ಮಿತಿಯಿರುವ ದೇಶದಲ್ಲಿ ನಿಜವಾದ ಅಭ್ಯಾಸ ವಿರಳ. ಅಭ್ಯಾಸ ವಿರಳವಾದಲ್ಲಿ ಮೆದು ತೋಟಾ, ಸ್ವಲ್ಪ ತೂಕದ ರಿವಾಲ್ವರ್ ಎಂಬ ಸಲಹೆಗೆ ಇನ್ನೂ ಹೆಚ್ಚಿನ ಬೆಲೆಯಿದೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. 2022ರ ಬ್ರೂಯನ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಮನೆಯ ಹೊರಗೂ ಕೈಬಂದೂಕು ಒಯ್ಯುವುದು ಸಂವಿಧಾನದತ್ತ ಹಕ್ಕು ಎಂದಿತು. ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಮರೆಯಲ್ಲಿ ಒಯ್ಯಲು ಪರವಾನಗಿಯೇ ಬೇಡ. ಆದರೆ ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು ಬಂದೂಕು ಹೊಂದುವುದೇ ಫೆಡರಲ್ ಅಪರಾಧ ಎಂಬುದನ್ನು ನೆರೆಮನೆಯವರ ಉತ್ಸಾಹ ನೋಡಿ ಮರೆಯಬಾರದು.

ಎಲ್ಲಕ್ಕೂ ದೊಡ್ಡ ಆಕ್ಷೇಪ

ಕ್ಯಾಲಿಬರಿನ ಚರ್ಚೆಗಿಂತ ಮೊದಲು ಉತ್ತರಿಸಬೇಕಾದ ಆಕ್ಷೇಪ ಒಂದಿದೆ: ಬಂದೂಕು ಇಟ್ಟುಕೊಳ್ಳುವುದೇ ಅಪಾಯವಲ್ಲವೇ? ಇದನ್ನು ತಳ್ಳಿಹಾಕಲಾಗದು. ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದಾದ 48 ಸಾವಿರಕ್ಕೂ ಹೆಚ್ಚು ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಕ್ಯಾಲಿಫೋರ್ನಿಯಾದ 2.6 ಕೋಟಿ ವಯಸ್ಕರ ದಾಖಲೆಗಳನ್ನು ಹನ್ನೆರಡು ವರ್ಷಗಳ ಕಾಲ ಹಿಂಬಾಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೈಬಂದೂಕು ಹೊಂದಿದ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಸಂಭವ ಹೊಂದಿಲ್ಲದವರಿಗಿಂತ ಸುಮಾರು ಎಂಟು ಪಟ್ಟು, ಹೆಂಗಸರಲ್ಲಿ 35 ಪಟ್ಟು ಕಂಡುಬಂತು. ಸಾಯಬೇಕೆಂದೇ ಕೊಂಡವರಿಂದ ಈ ಅಂಕಿ ಏರಿರಬಹುದು ಎಂಬುದು ಸಹಜ ಸಂಶಯ. ಆದರೆ ಆ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಡೆದದ್ದು ಕೊಂಡು ಒಂದು ವರ್ಷ ಕಳೆದ ಮೇಲೆ. ಹೊರಗಿನ ಅಪರಿಚಿತನಿಗಾಗಿ ತಂದ ಬಂದೂಕು ಮನೆಯೊಳಗಿನ ಒಂದು ಕತ್ತಲ ಗಳಿಗೆಗೂ ಸಿಗುವಂತಿರುತ್ತದೆ. ಆದ್ದರಿಂದ ಮನೆಯಲ್ಲಿ ಖಿನ್ನತೆಯೋ ಕುಡಿತದ ಚಟವೋ ಹಿಂಸೆಯೋ ಇದ್ದರೆ ಸರಿಯಾದ ಕ್ಯಾಲಿಬರ್ ಎಂಬುದೇ ಇಲ್ಲ. ಬಂದೂಕು ತಾರದಿರುವುದೇ ಸರಿಯಾದ ಆಯ್ಕೆ. ನಿಜವಾದ ಬೆದರಿಕೆಯಿದ್ದು, ಕಾನೂನಿನ ಅನುಮತಿಯಿದ್ದು, ಮೈಮೇಲಿಲ್ಲದಾಗ ಬೀಗದೊಳಗಿಡುವ ಶಿಸ್ತಿದ್ದು, ಮೈಮೇಲಿರುವಾಗ ಟ್ರಿಗರನ್ನು ಪೂರ್ತಿ ಮುಚ್ಚುವ ಒರೆಯಿದ್ದವರಿಗಷ್ಟೇ ಮುಂದಿನ ಮಾತು.

ಅಂಥವರು ಮಾಡಬೇಕಾದ ಆಯ್ಕೆಗೆ ಒಂದು ಕ್ರಮವಿದೆ. ಮೊದಲು ಟ್ರಿಗರ್: ಖಾಲಿ ರಿವಾಲ್ವರಿನಲ್ಲಿ ಮುಂದಿನ ಮೊನೆ ಕದಲದಂತೆ ಅದನ್ನು ಎಳೆಯಲು ಬರಬೇಕು. ಆಮೇಲೆ ಹಿಡಿ ಮತ್ತು ತೂಕ. ಕೊನೆಯಲ್ಲಿ ತೋಟಾ: ಏಳು ಮೀಟರಿನಲ್ಲಿ ಐದೂ ಗುಂಡುಗಳನ್ನು ಅಂಗೈಯಗಲದೊಳಗೆ, ಅವಸರದಲ್ಲೂ ಹಾಕಲು ಯಾವುದರಿಂದ ಸಾಧ್ಯವೋ ಆ ಕ್ಯಾಲಿಬರುಗಳಲ್ಲಿ, ಬೇಕಾದ ಆಳ ಮುಟ್ಟುವ ಯಾವುದಾದರೂ ಒಂದು. ಹಲವರಿಗೆ ಅದು .38 ವಾಡ್‌ಕಟರ್ ಆಗಬಹುದು, ಕೆಲವರಿಗೆ .32, ಬಹಳ ಅಭ್ಯಾಸವಿರುವ ಕೆಲವೇ ಮಂದಿಗೆ ಅದಕ್ಕಿಂತ ಬಲವಾದದ್ದು. ಆತ್ಮರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡಬಾರದು ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆ. ಎಲ್ಲಿ ಬೀಳುತ್ತದೆಂದು ತಿಳಿಯದ ಗುಂಡಿನಿಂದ ಆ ಮಿತಿಯನ್ನು ಪಾಲಿಸುವುದು ಯಾರಿಂದಲೂ ಆಗದು. ಹಿಡಿತದಲ್ಲಿರುವ ಸಣ್ಣ ಗುಂಡನ್ನು ಆರಿಸುವುದು ಕಾನೂನಿನ ಕಣ್ಣಿನಲ್ಲೂ ವಿವೇಕ, ದಾರಿಹೋಕರ ಬಗೆಗಿನ ಹೊಣೆಯಲ್ಲೂ ವಿವೇಕ, ತನ್ನ ಪ್ರಾಣದ ಮಟ್ಟಿಗೂ ವಿವೇಕ. ತಯಾರಕರು ತೂಕದ ಗ್ರಾಂಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವಷ್ಟೇ ಸ್ಪಷ್ಟವಾಗಿ ಒದೆತದ ಜೌಲುಗಳನ್ನೂ ಟ್ರಿಗರಿನ ಕಿಲೋಗಳನ್ನೂ ಅಚ್ಚು ಹಾಕಬೇಕು, ಕೊಳ್ಳುವವರು ಅವನ್ನು ಕೇಳಿ ತಿಳಿಯಬೇಕು.